ಶೀತಲೋಕದ ಶಿಲ್ಪಿ: ಹೈಕೆ ಕ್ಯಾಮರ್ಲಿಂಗ್ ಓನ್ನೆಸ್

ದೊಡ್ಡ ಆಸ್ಪತ್ರೆಗಳಲ್ಲಿರುವ ಎಂ.ಆರ್.ಐ. ಯಂತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ರೋಗಿಯನ್ನು ಮಲಗಿಸಿ ಒಳಕ್ಕೆ ಕಳುಹಿಸುವ ಆ ದೊಡ್ಡ ಕೊಳವೆಯ ಗೋಡೆಯೊಳಗೆ ತಂತಿಯ ಸುರುಳಿಗಳಿವೆ. ಅಂಥ ಬಹುಪಾಲು ಯಂತ್ರಗಳಲ್ಲಿ ಆ ಸುರುಳಿಗಳನ್ನು ತಣ್ಣಗಿಡುವುದು ದ್ರವ ಹೀಲಿಯಂ. ಅದರ ಉಷ್ಣತೆ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ. ಇಷ್ಟು ಚಳಿಯಲ್ಲಿ ಆ ತಂತಿಗೆ ವಿದ್ಯುತ್ತನ್ನು ತಡೆಯುವ ಗುಣವೇ ಇರುವುದಿಲ್ಲ. ಒಮ್ಮೆ ಹರಿಯಬಿಟ್ಟ ವಿದ್ಯುತ್ ತಾನಾಗಿಯೇ ಸುತ್ತುತ್ತಿರುತ್ತದೆ. ಹೀಲಿಯಂ ಅನಿಲವನ್ನು ಮೊದಲು ದ್ರವವಾಗಿಸಿದ್ದು, ತಂತಿಯ ಈ ವಿಚಿತ್ರ ಗುಣವನ್ನು ಮೊದಲು ಕಂಡದ್ದು ಎರಡೂ ಒಂದೇ ಪ್ರಯೋಗಾಲಯದಲ್ಲಿ. ಹಾಲೆಂಡ್ ದೇಶದ ಲೈಡನ್ ಎಂಬ ಊರಿನ ಆ ಪ್ರಯೋಗಾಲಯವನ್ನು ಕಟ್ಟಿ ಬೆಳೆಸಿದವರು ಹೈಕೆ ಕ್ಯಾಮರ್ಲಿಂಗ್ ಓನ್ನೆಸ್. 1913ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಪಠ್ಯಪುಸ್ತಕಗಳಲ್ಲಿ ಅವರ ಬಗ್ಗೆ ಸಿಗುವುದು ಒಂದೆರಡು ಸಾಲು. ಆ ಸಾಲುಗಳಲ್ಲಿ ಬಾರದ ಒಂದು ಸಂಗತಿಗಾಗಿಯೇ ಈ ಲೇಖನ.

ಓನ್ನೆಸ್ ಅವರು ಹುಟ್ಟಿದ್ದು 1853ರ ಸೆಪ್ಟೆಂಬರ್ 21ರಂದು, ಉತ್ತರ ಹಾಲೆಂಡಿನ ಗ್ರೋನಿಂಗನ್ ನಗರದಲ್ಲಿ. ತಂದೆಗೆ ಇಟ್ಟಿಗೆ ಕಾರ್ಖಾನೆಯಿತ್ತು. ಊರಿನ ವಿಶ್ವವಿದ್ಯಾಲಯದಲ್ಲಿ ಓದು ಆರಂಭಿಸಿದ ಅವರು 1871ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋಗಿ, ಆ ಕಾಲದ ಮಹಾ ವಿಜ್ಞಾನಿಗಳಾದ ಬುನ್ಸನ್ ಮತ್ತು ಕಿರ್ಕಾಫ್ ಅವರ ಬಳಿ ಕಲಿತರು. 1879ರಲ್ಲಿ ಭೂಮಿ ತನ್ನ ಸುತ್ತ ತಿರುಗುವುದಕ್ಕೆ ಹೊಸ ಪುರಾವೆಗಳನ್ನು ಕೊಟ್ಟು ಡಾಕ್ಟರೇಟ್ ಪಡೆದರು. ಡೆಲ್ಫ್ಟ್ ಪಾಲಿಟೆಕ್ನಿಕ್‌ನಲ್ಲಿ ಕೆಲವು ವರ್ಷ ಸಹಾಯಕರಾಗಿದ್ದು, 1882ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಪ್ರಾಯೋಗಿಕ ಭೌತವಿಜ್ಞಾನದ ಪ್ರಾಧ್ಯಾಪಕರಾದರು. ಆಗ ಅವರಿಗೆ 29 ವರ್ಷ. ಅಧಿಕಾರ ವಹಿಸಿಕೊಂಡ ದಿನದ ಭಾಷಣದಲ್ಲಿ, ಅಳತೆಯ ಮೂಲಕವೇ ಅರಿವಿಗೆ ತಲುಪಬೇಕು ಎಂಬುದನ್ನು ತಮ್ಮ ಪ್ರಯೋಗಾಲಯದ ಧ್ಯೇಯವೆಂದು ಸಾರಿದರು. ಬಾಲ್ಯದಿಂದಲೂ ಅವರ ಆರೋಗ್ಯ ನಾಜೂಕು, ಎದೆಯ ತೊಂದರೆ ಆಗಾಗ ಕಾಡುತ್ತಿತ್ತು. ಅಂಥವರು ಆರಿಸಿಕೊಂಡ ಕೆಲಸವೋ, ಹಗಲಿರುಳು ಪಂಪುಗಳ ಸದ್ದಿನ ನಡುವೆ ನಿಲ್ಲುವಂಥದ್ದು.

ಆ ಕಾಲದ ಪ್ರಶ್ನೆ ಏನೆಂದು ತಿಳಿದರೆ ಮುಂದಿನದು ಸುಲಭವಾಗುತ್ತದೆ. ಎಲ್ಲ ಅನಿಲಗಳನ್ನೂ ದ್ರವವಾಗಿಸಬಹುದೇ? ಆಗಬೇಕೆಂದು ಓನ್ನೆಸ್ ಅವರ ದೇಶದವರೇ ಆದ ವಾನ್ ಡರ್ ವಾಲ್ಸ್ ಅವರ ಸಿದ್ಧಾಂತ ಹೇಳುತ್ತಿತ್ತು. ಆದರೆ ಆಮ್ಲಜನಕ, ಜಲಜನಕದಂಥ ಅನಿಲಗಳು ಎಷ್ಟು ಒತ್ತಿದರೂ ಮಣಿಯುತ್ತಿರಲಿಲ್ಲ. 1877ರಲ್ಲಿ ಆಮ್ಲಜನಕದ ಮಂಜಿನಂಥ ಹನಿಗಳು ಕ್ಷಣಮಾತ್ರ ಕಂಡವು. 1883ರಲ್ಲಿ ಪೋಲೆಂಡಿನ ಇಬ್ಬರು ವಿಜ್ಞಾನಿಗಳು ಅದನ್ನು ಕೊಳವೆಯಲ್ಲಿ ದ್ರವವಾಗಿ ನಿಲ್ಲಿಸಿದರು. ಆದರೆ ಸಿದ್ಧಾಂತವನ್ನು ಪರೀಕ್ಷಿಸಲು ಹನಿಗಳು ಸಾಲವು. ಲೀಟರುಗಟ್ಟಲೆ ದ್ರವ ಬೇಕು, ಅದು ಗಂಟೆಗಟ್ಟಲೆ ಒಂದೇ ಉಷ್ಣತೆಯಲ್ಲಿ ನಿಲ್ಲಬೇಕು, ಅದರೊಳಗಿಟ್ಟು ಅಳೆಯಲು ಉಪಕರಣಗಳು ಬೇಕು. ಅವು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ತಾವೇ ಮಾಡಿಕೊಳ್ಳಬೇಕಿತ್ತು.

ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದನ್ನು ನೀವು ಬಲ್ಲಿರಿ. ಹೊರಗೆ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಕೊಂಡೊಯ್ಯುತ್ತದೆ. ಓನ್ನೆಸ್ ಅವರ ಮೊದಲ ಯಂತ್ರದ ಗುಟ್ಟೂ ಇದೇ. ಸುಲಭವಾಗಿ ದ್ರವವಾಗುವ ಮೀಥೈಲ್ ಕ್ಲೋರೈಡನ್ನು ಪಂಪಿನಿಂದ ಎಳೆದು ವೇಗವಾಗಿ ಆವಿಯಾಗಿಸಿದರೆ ಅದು ಬಹಳ ತಣ್ಣಗಾಗುತ್ತದೆ. ಆ ಚಳಿಯಲ್ಲಿ ಎಥಿಲೀನ್ ಅನಿಲವನ್ನು ಒತ್ತಿ ದ್ರವವಾಗಿಸುವುದು. ಎಥಿಲೀನನ್ನು ಹಾಗೆಯೇ ಆವಿಯಾಗಿಸಿದರೆ ಇನ್ನೂ ಕೆಳಗಿನ ಚಳಿ. ಅದರಲ್ಲಿ ಆಮ್ಲಜನಕ ದ್ರವವಾಗುತ್ತದೆ. ಹೀಗೆ ಮೆಟ್ಟಿಲಿಳಿದಂತೆ ಒಂದೊಂದೇ ಹಂತ. ಕಾಗದದ ಮೇಲೆ ಬರೆಯಲು ಅರ್ಧ ಪುಟ ಸಾಕು. ನಿಜವಾಗಿ ಕಟ್ಟಲು ಹತ್ತು ವರ್ಷಕ್ಕೂ ಮಿಗಿಲಾಗಿ ಹಿಡಿಯಿತು, 1890ರ ದಶಕದ ಆರಂಭದವರೆಗೆ. ಒಂದು ಕೀಲು ಸೋರಿದರೂ ಬೆಲೆಬಾಳುವ ಅನಿಲ ಹೋಯಿತು. ಎಣ್ಣೆಯ ಅಂಶ ಸೇರಿದರೆ ಅದು ಹೆಪ್ಪುಗಟ್ಟಿ ಕೊಳವೆ ಕಟ್ಟಿಕೊಂಡಿತು. ಗಾಜು ಮತ್ತು ಲೋಹ ಒಂದೇ ಪ್ರಮಾಣದಲ್ಲಿ ಕುಗ್ಗದೆ ಬೆಸುಗೆ ಬಿರುಕು ಬಿಟ್ಟಿತು.

ನಡುವೆ ಇನ್ನೊಂದು ಸಂಕಟ ಬಂತು. 1807ರಲ್ಲಿ ಲೈಡನ್ ಊರಿನ ಮಧ್ಯದ ಕಾಲುವೆಯಲ್ಲಿ ಮದ್ದುಗುಂಡಿನ ಹಡಗೊಂದು ಸಿಡಿದು ಸುಮಾರು 150 ಜನ ಸತ್ತಿದ್ದರು. ಭೌತವಿಜ್ಞಾನದ ಪ್ರಯೋಗಾಲಯ ಎದ್ದಿದ್ದು ಹಾಗೆ ನೆಲಸಮವಾದ ಜಾಗದಲ್ಲೇ. ಅಲ್ಲಿ ಅಧಿಕ ಒತ್ತಡದ ಅನಿಲಗಳನ್ನು ಸಂಗ್ರಹಿಸಿಟ್ಟಿದ್ದಾರೆಂಬ ಸುದ್ದಿ 1895ರಲ್ಲಿ ಹರಡಿದಾಗ ಊರಿನವರು ಬೆಚ್ಚಿದರು. ನಗರಸಭೆ ಆಕ್ಷೇಪಿಸಿತು, ತನಿಖಾ ಸಮಿತಿ ಬಂತು, ಶೈತ್ಯದ ಕೆಲಸ ನಿಂತಿತು. ಮತ್ತೆ ಪೂರ್ಣ ಅನುಮತಿ ಸಿಕ್ಕಿದ್ದು 1898ರಲ್ಲಿ. ಅದೇ 1898ರ ಮೇ ತಿಂಗಳಲ್ಲಿ ಲಂಡನ್ನಿನ ಜೇಮ್ಸ್ ಡ್ಯೂವರ್ ಜಲಜನಕವನ್ನು ದ್ರವವಾಗಿಸಿಬಿಟ್ಟರು. ಓಟದಲ್ಲಿ ಓನ್ನೆಸ್ ಹಿಂದೆ ಬಿದ್ದಿದ್ದರು.

ಡ್ಯೂವರ್ ಸಾಮಾನ್ಯರಲ್ಲ. ಇಂದು ನಾವು ಚಹಾ ತುಂಬಿಕೊಂಡು ಹೋಗುವ ಥರ್ಮಾಸ್ ಫ್ಲಾಸ್ಕ್ ಅವರದೇ ಕಲ್ಪನೆ. ಗಾಜಿನ ಎರಡು ಗೋಡೆಗಳ ನಡುವೆ ನಿರ್ವಾತ, ಒಳಮೈಗೆ ಬೆಳ್ಳಿಯ ಲೇಪ. ದ್ರವ ಅನಿಲಗಳನ್ನು ಇಡಲೆಂದೇ ಅವರು ಅದನ್ನು ಮಾಡಿದ್ದು. ಅದಿಲ್ಲದೆ ಲೈಡನ್ನಿನ ಕೆಲಸವೂ ನಡೆಯುತ್ತಿರಲಿಲ್ಲ. ಕೈಚಳಕದಲ್ಲಿ, ಧೈರ್ಯದಲ್ಲಿ ಡ್ಯೂವರ್ ಒಂದು ಕೈ ಮೇಲೇ. ಆದರೆ ಅವರು ಇಬ್ಬರು ಮೂವರು ಸಹಾಯಕರೊಡನೆ ಏಕಾಂಗಿಯಾಗಿ ದುಡಿಯುವವರು, ಮುಂಗೋಪಿ. ಸ್ಫೋಟಗಳಲ್ಲಿ ಅವರ ಇಬ್ಬರು ಸಹಾಯಕರು ಒಂದೊಂದು ಕಣ್ಣು ಕಳೆದುಕೊಂಡರು. ಹೀಲಿಯಂ ಅನಿಲದ ವಿಷಯ ಚೆನ್ನಾಗಿ ಬಲ್ಲ ವಿಲಿಯಂ ರ‍್ಯಾಮ್ಸೆ ಅದೇ ಲಂಡನ್ನಿನಲ್ಲಿದ್ದರೂ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಸಹಾಯಕನೊಬ್ಬ ತಪ್ಪು ವಾಲ್ವ್ ತಿರುಗಿಸಿದ್ದರಿಂದ ಕೂಡಿಟ್ಟ ಹೀಲಿಯಂ ಗಾಳಿಗೆ ಹೋಯಿತು ಎಂದೂ ಇತಿಹಾಸಕಾರರು ಬರೆದಿದ್ದಾರೆ.

ಓನ್ನೆಸ್ ಅವರ ದಾರಿ ಬೇರೆ. ಓದುಗ ಮಿತ್ರರೇ, ಪಠ್ಯಪುಸ್ತಕದಲ್ಲಿ ಬಾರದ ಸಂಗತಿ ಎಂದು ಆರಂಭದಲ್ಲಿ ಹೇಳಿದ್ದು ಇದನ್ನೇ. ಪ್ರಾಧ್ಯಾಪಕನಾದ ತನ್ನೊಬ್ಬನ ಬುದ್ಧಿಯಿಂದ ಇದು ಆಗುವ ಕೆಲಸವಲ್ಲವೆಂದು ಅವರು ಬೇಗನೆ ಕಂಡುಕೊಂಡರು. ಪಂಪು ಕೂರಿಸುವವರು, ಲೇತ್‌ನಲ್ಲಿ ಹಿತ್ತಾಳೆಯನ್ನು ಕೂದಲೆಳೆಯಷ್ಟು ನಿಖರವಾಗಿ ಕಡೆಯುವವರು, ಗಾಜು ಊದುವವರು, ತಂತಿ ಬೆಸೆದು ಮಾಪಕಗಳನ್ನು ಜೋಡಿಸುವವರು ಬೇಕು. ಸಿಗದಿದ್ದರೆ? ತಯಾರು ಮಾಡಬೇಕು. ಊರಿನ ಹುಡುಗರನ್ನು ಪ್ರಯೋಗಾಲಯದ ಕಾರ್ಯಾಗಾರಕ್ಕೆ ಸೇರಿಸಿಕೊಂಡರು. ಹಗಲು ಅಲ್ಲಿ ಕೈಕೆಲಸ, ಸಂಜೆ ಗಣಿತ, ನಕ್ಷೆ ಬರೆಯುವುದು, ಭೌತವಿಜ್ಞಾನದ ತರಗತಿ. ನೀಲಿ ಕೆಲಸದಂಗಿ ತೊಡುತ್ತಿದ್ದ ಅವರಿಗೆ ನೀಲಿ ಹುಡುಗರು ಎಂದೇ ಹೆಸರು ಬಿತ್ತು. 1901ರಲ್ಲಿ ಉಪಕರಣ ತಯಾರಕರ ತರಬೇತಿಗಾಗಿ ಒಂದು ಸಂಘವನ್ನೇ ಸ್ಥಾಪಿಸಿ, ಶಾಲೆಗೆ ಭದ್ರ ನೆಲೆ ಒದಗಿಸಿದರು. ಅಲ್ಲಿ ಕಲಿತವರು ಮುಂದೆ ಬೇರೆ ಪ್ರಯೋಗಾಲಯಗಳಿಗೂ ಕಾರ್ಖಾನೆಗಳಿಗೂ ಹೋದರು. ವಿದ್ಯಾಸಂಘದ ಸದಸ್ಯರಾದ ನೀವು ಇದನ್ನು ವಿಶೇಷವಾಗಿ ಗಮನಿಸಬೇಕು. ನೊಬೆಲ್ ಪಡೆದ ಈ ಪ್ರಾಧ್ಯಾಪಕರು ಒಂದು ಸಂಘ ಕಟ್ಟಿ, ಬಡ ಹುಡುಗರು ಕಸುಬು ಕಲಿಯುವ ಶಾಲೆಗಾಗಿ ಓಡಾಡಿದವರು. ನಮ್ಮಲ್ಲಿ ಐ.ಟಿ.ಐ. ಎಂದರೆ ಅಂಕ ಕಡಿಮೆ ಬಂದವರ ಜಾಗ ಎಂದುಕೊಳ್ಳುವವರು ಇನ್ನೂ ಇದ್ದಾರೆ. ಲೈಡನ್ನಿನಲ್ಲಿ ಆ ಹುಡುಗರಿಲ್ಲದಿದ್ದರೆ ಪ್ರಾಧ್ಯಾಪಕರ ಸಮೀಕರಣಗಳು ಹಲಗೆಯ ಮೇಲೇ ಉಳಿಯುತ್ತಿದ್ದವು.

ಇಷ್ಟು ಹೇಳಿದ ಮೇಲೆ ಒಂದು ತಮಾಷೆಯನ್ನೂ ಹೇಳಬೇಕು. ಅದೇ 1901ರಲ್ಲಿ ಕೆಲಸ ಹುಡುಕುತ್ತಿದ್ದ ಯುವಕನೊಬ್ಬ ಸಹಾಯಕನ ಹುದ್ದೆ ಕೇಳಿ ಓನ್ನೆಸ್ ಅವರಿಗೆ ಅಂಚೆ ಕಾರ್ಡು ಬರೆದ. ಉತ್ತರಕ್ಕೆ ಅಂಚೆ ವೆಚ್ಚ ತೆತ್ತ ಕಾರ್ಡನ್ನೂ ಜೊತೆಗಿಟ್ಟಿದ್ದ. ಉತ್ತರ ಹೋಗಲೇ ಇಲ್ಲ. ಆ ಯುವಕನ ಹೆಸರು ಆಲ್ಬರ್ಟ್ ಐನ್‌ಸ್ಟೈನ್. ಮುಂದೆ ಇಬ್ಬರೂ ಸ್ನೇಹಿತರಾದರು, 1920ರಲ್ಲಿ ಐನ್‌ಸ್ಟೈನ್ ಲೈಡನ್ನಿನ ಸಂದರ್ಶಕ ಪ್ರಾಧ್ಯಾಪಕರೂ ಆದರು.

ಇನ್ನು ಹೀಲಿಯಂ. ಈ ಹೆಸರಿನ ಹಿಂದೆ ನಮ್ಮ ನಾಡಿನ ನಂಟೂ ಇದೆ. 1868ರ ಆಗಸ್ಟ್ 18ರಂದು ಭಾರತದ ಮೇಲೆ ಹಾದುಹೋದ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ನೋಡಿದರೆ, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ನೋಡಿದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ಒಡೆದು ನೋಡಿದಾಗ ಹರ್ಷೆಲ್‌ಗೆ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಆ ನಡುವಿನ ಗೆರೆ ಸೋಡಿಯಂನದೆಂದು ಮೊದಲು ಭಾವಿಸಲಾಯಿತು. ಅದು ಭೂಮಿಯ ಮೇಲೆ ಗೊತ್ತಿಲ್ಲದ ಧಾತುವಿನದೆಂದು ಬಳಿಕ ಲಾಕ್ಯರ್ ಗುರುತಿಸಿದರು. ಸೂರ್ಯನ ಗ್ರೀಕ್ ಹೆಸರಿನಿಂದ ಅದು ಹೀಲಿಯಂ ಆಯಿತು. ಭೂಮಿಯಲ್ಲಿ ಅದನ್ನು ರ‍್ಯಾಮ್ಸೆ ಪತ್ತೆ ಮಾಡಿದ್ದು 1895ರಲ್ಲಿ. ಆದರೂ ಅನಿಲ ಬಹಳ ಅಪರೂಪ. ಓನ್ನೆಸ್ ಅವರ ತಮ್ಮ ಓನ್ನೋ ವ್ಯಾಪಾರ ಮಾಹಿತಿಯ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ. ಅವರ ನೆರವಿನಿಂದ ಅಮೆರಿಕದ ಉತ್ತರ ಕೆರೊಲಿನಾದಿಂದ ಮೊನಜೈಟ್ ಮರಳು ಹಡಗಿನಲ್ಲಿ ಬಂತು. ಮರಳನ್ನು ಕಾಯಿಸಿ, ಹೊರಬಂದ ಅನಿಲವನ್ನು ತಿಂಗಳುಗಟ್ಟಲೆ ಶುದ್ಧೀಕರಿಸಿ ನೂರಾರು ಲೀಟರ್ ಹೀಲಿಯಂ ಕೂಡಿಟ್ಟರು. 1906ರ ಹೊತ್ತಿಗೆ ಜಲಜನಕ ದ್ರವೀಕರಣದ ಯಂತ್ರವೂ ಸಿದ್ಧವಾಗಿ ಗಂಟೆಗೆ ಲೀಟರುಗಟ್ಟಲೆ ದ್ರವ ಕೊಡತೊಡಗಿತ್ತು. ಡ್ಯೂವರ್‌ಗಿಂತ ಎಂಟು ವರ್ಷ ತಡವಾದರೇನು, ಇಲ್ಲಿ ಬೇಕೆಂದಾಗ ಸಿಗುತ್ತಿತ್ತು.

1908ರ ಜುಲೈ 10. ಹಿಂದಿನ ದಿನವೇ 75 ಲೀಟರ್ ದ್ರವ ವಾಯು ಸಿದ್ಧವಾಗಿತ್ತು. ಬೆಳಗ್ಗೆ ಆರಕ್ಕೆ ಮುನ್ನವೇ ಕೆಲಸ ಆರಂಭ. ಮಧ್ಯಾಹ್ನ ಒಂದೂವರೆಗೆ 20 ಲೀಟರ್ ದ್ರವ ಜಲಜನಕ ಕೈಗೆ ಬಂತು. ಒಂದು ಗುಳ್ಳೆ ಗಾಳಿ ಒಳಹೊಕ್ಕರೂ ಹೆಪ್ಪುಗಟ್ಟಿ ಎಲ್ಲ ಕೆಡುವ ಹೊತ್ತು. ಓನ್ನೆಸ್ ಯಂತ್ರ ಬಿಟ್ಟು ಅಲ್ಲಾಡುವಂತಿರಲಿಲ್ಲ. ಊಟ ತಂದ ಪತ್ನಿ ಬೆಟ್ಸಿ ರೊಟ್ಟಿಯ ತುಣುಕುಗಳನ್ನು ಅವರ ಬಾಯಿಗೇ ಇಟ್ಟರಂತೆ. ಹೀಲಿಯಂ ಇದ್ದದ್ದು ನಡುವಿನ ಗಾಜಿನ ಪಾತ್ರೆಯಲ್ಲಿ. ಅದರ ಸುತ್ತ ದ್ರವ ಜಲಜನಕ, ಅದರ ಸುತ್ತ ದ್ರವ ವಾಯು, ಹೊರಗೆ ಗಾಜಿನ ಮೇಲೆ ಹಿಮ ಕೂರದಂತೆ ಮದ್ಯಸಾರ. ಒತ್ತಿ ತಣಿಸಿದ ಹೀಲಿಯಂ ಕಿರಿದಾದ ಬಾಯಿಯಿಂದ ಹೊರನುಗ್ಗಿದಾಗ ಇನ್ನಷ್ಟು ತಣಿಯುತ್ತದೆ. ಹಾಗೆ ಮತ್ತೆ ಮತ್ತೆ ಸುತ್ತಿಸಬೇಕು. ಸಂಜೆ 4 ಗಂಟೆ 20 ನಿಮಿಷಕ್ಕೆ ಆ ಸುತ್ತು ಆರಂಭವಾಯಿತು. ಗಂಟೆಗಳು ಕಳೆದವು, ಜಲಜನಕದ ಕೊನೆಯ ಸಂಗ್ರಹವೂ ಬಂತು. ಉಷ್ಣಮಾಪಕದ ಮುಳ್ಳು ಒಂದೆಡೆ ನಿಂತುಬಿಟ್ಟಿತು. ಪಾತ್ರೆಯಲ್ಲೇನೂ ಕಾಣದು. ಸೋತೆವೆಂದು ಎಲ್ಲರೂ ಅಂದುಕೊಳ್ಳುತ್ತಿರುವಾಗ, ನೋಡಲು ಬಂದಿದ್ದ ರಸಾಯನವಿಜ್ಞಾನದ ಪ್ರಾಧ್ಯಾಪಕ ಸ್ಕ್ರೈನೆಮಾಕರ್ಸ್, ಉಷ್ಣಮಾಪಕ ದ್ರವದಲ್ಲಿ ಮುಳುಗಿರುವುದರಿಂದಲೇ ಅಲುಗದೆ ನಿಂತಿರಬಹುದೆಂದರು. ಕೆಳಗಿನಿಂದ ದೀಪ ಹಿಡಿದು ನೋಡಿದರೆ ಪಾತ್ರೆ ಬಹುಪಾಲು ತುಂಬಿತ್ತು! ಅಷ್ಟು ತಿಳಿಯಾದ ದ್ರವ. ಆಗ ರಾತ್ರಿ ಏಳೂವರೆ. ಒಟ್ಟು 60 ಘನ ಸೆಂಟಿಮೀಟರ್, ನಿಮ್ಮ ಮನೆಯ ಚಿಕ್ಕ ಚಹಾ ಲೋಟಕ್ಕೂ ಸಾಲದಷ್ಟು. ಅದಕ್ಕೆ 26 ವರ್ಷ.

ಆ ಯಂತ್ರವನ್ನು ನಡೆಸಿದ ಮುಖ್ಯ ತಂತ್ರಜ್ಞರ ಹೆಸರು ಗೆರಿಟ್ ಯಾನ್ ಫ್ಲಿಮ್. ಗಾಜಿನ ಕೆಲಸದ ಗುರು ಓಸ್ಕರ್ ಕೆಸೆಲ್‌ರಿಂಗ್. ಈ ಎರಡು ಹೆಸರುಗಳನ್ನು ನೆನಪಿಡಿ.

ಹೀಲಿಯಂ ದ್ರವವಾದ ಪಾತ್ರೆಯಲ್ಲಿ ಬೇರೆ ಪ್ರಯೋಗಕ್ಕೆ ಜಾಗವಿರಲಿಲ್ಲ. ಅದನ್ನು ಇನ್ನೊಂದು ಪಾತ್ರೆಗೆ ಸಾಗಿಸಬೇಕು, ದಾರಿಯಲ್ಲಿ ಆವಿಯಾಗಬಾರದು. ಫ್ಲಿಮ್ ಮತ್ತು ಸಂಗಡಿಗರು ಆ ಶೀತಪಾತ್ರೆಯನ್ನು ರೂಪಿಸಲು ಸುಮಾರು ಮೂರು ವರ್ಷವಾಯಿತು. ಪರೀಕ್ಷಿಸಬೇಕಾಗಿದ್ದ ಪ್ರಶ್ನೆ ಇದು: ಅತಿ ಚಳಿಯಲ್ಲಿ ಲೋಹದ ವಿದ್ಯುತ್ ರೋಧ ಏನಾಗುತ್ತದೆ? ಪ್ಲಾಟಿನಂ, ಚಿನ್ನದ ತಂತಿಗಳಲ್ಲಿ ಅದು ಇಳಿಯುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಲ್ಲುತ್ತಿತ್ತು. ಕಲ್ಮಶವೇ ಕಾರಣವೆಂದು ಶಂಕಿಸಿ ಪಾದರಸವನ್ನು ಆರಿಸಿಕೊಂಡರು, ಅದನ್ನು ಬಟ್ಟಿಯಿಳಿಸಿ ಬಹಳ ಶುದ್ಧ ಮಾಡಬಹುದಲ್ಲ. ಆದರೆ ಪಾದರಸದ ತಂತಿ ಎಳೆಯುವುದು ಹೇಗೆ? ಕೂದಲಿನಂಥ ರಂಧ್ರದ ಗಾಜಿನ ಕೊಳವೆಗಳನ್ನು ಯು ಆಕಾರಕ್ಕೆ ಬಾಗಿಸಿ, ಏಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿ, ಹೆಪ್ಪುಗಟ್ಟಿ ಕುಗ್ಗುವಾಗ ಎಳೆ ತುಂಡಾಗದಂತೆ ಮೇಲೆ ಪುಟ್ಟ ಬಟ್ಟಲುಗಳನ್ನಿಟ್ಟು ಪಾದರಸ ತುಂಬಿದರು. ಇಂಥ ಗಾಜನ್ನು ಊದುವುದು ಎಂಥ ಕೆಲಸವೆಂದು ಕಸುಬು ಬಲ್ಲವರಿಗೇ ಗೊತ್ತು. ಇನ್ನು ರೋಧವನ್ನು ಅಳೆಯುವ ಗ್ಯಾಲ್ವನೋಮೀಟರು ಪಂಪುಗಳ ಕಂಪನಕ್ಕೆ ನಡುಗುತ್ತಿತ್ತು. ಅದಕ್ಕಾಗಿ ತಂತಿಗಳನ್ನು ದೂರದ ಕೋಣೆಗೆ ಎಳೆದು, ಅಲ್ಲಿ ಗಿಲ್ಲೆಸ್ ಹೋಲ್ಸ್ಟ್ ಎಂಬ ಯುವ ಸಹಾಯಕ ಕುಳಿತು ಓದಿಕೊಳ್ಳುವಂತೆ ಮಾಡಿದರು. ಉಷ್ಣತೆಯ ಲೆಕ್ಕ ಕಾರ್ನೆಲಿಸ್ ಡಾರ್ಸ್‌ಮನ್ ಅವರದು.

1911ರ ಏಪ್ರಿಲ್ 8ರಂದು ಪಾದರಸದ ರೋಧ ಕಾಣದಾಯಿತು. ಕಡಿಮೆಯಾದದ್ದಲ್ಲ, ಇಲ್ಲವಾದದ್ದು. ಅಕ್ಟೋಬರಿನಲ್ಲಿ ಮತ್ತೆ ಅಳೆದಾಗ, 4.2 ಕೆಲ್ವಿನ್ ಸಮೀಪದಲ್ಲಿ ಸುಮಾರು 0.1 ಓಮ್‌ನಿಂದ ಥಟ್ಟನೆ ಓಮ್‌ನ ಹತ್ತು ಲಕ್ಷದಲ್ಲೊಂದು ಭಾಗಕ್ಕೂ ಕೆಳಗೆ ಕುಸಿದದ್ದು ಸ್ಪಷ್ಟವಾಯಿತು. ಅತಿವಾಹಕತೆ ಎಂದು ನಾವಿಂದು ಕರೆಯುವುದು ಇದನ್ನೇ. ಒತ್ತಡ ನೋಡಿಕೊಳ್ಳುತ್ತಿದ್ದ ನೀಲಿ ಹುಡುಗನೊಬ್ಬ ತೂಕಡಿಸಿ ಉಷ್ಣತೆ ಏರಿದ್ದರಿಂದ ಈ ಸಂಗತಿ ಹೊರಬಿತ್ತೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಪ್ರಯೋಗಾಲಯದ ಟಿಪ್ಪಣಿ ಪುಸ್ತಕಗಳನ್ನು ಓದಿದ ಇತಿಹಾಸಕಾರರಿಗೆ ಅದಕ್ಕೆ ಆಧಾರ ಸಿಕ್ಕಿಲ್ಲ. ಕಥೆಯಲ್ಲಿ ಹುಡುಗ ಬರುವುದೂ ನಿದ್ದೆ ಹೋದವನಾಗಿಯೇ, ನೋಡಿ!

ಪ್ರಕಟವಾದ ಪ್ರಬಂಧದ ಮೇಲೆ ಇದ್ದದ್ದು ಒಂದೇ ಹೆಸರು, ಓನ್ನೆಸ್ ಅವರದು. ನೆರವಾದವರನ್ನು ಅವರು ನೆನೆಯದಿರಲಿಲ್ಲ. ಆದರೆ ಅಳತೆ ಮಾಡಿದ ಹೋಲ್ಸ್ಟ್ ಸಹಲೇಖಕರಾಗಲಿಲ್ಲ. ಅದು ಆ ಕಾಲದ ರೂಢಿ ಎಂದು ಸಮರ್ಥಿಸುವವರಿದ್ದಾರೆ. ಅಷ್ಟಕ್ಕೆ ಬಿಟ್ಟುಬಿಡಲು ನನಗಂತೂ ಮನಸ್ಸು ಒಪ್ಪುವುದಿಲ್ಲ. ಕೈಕೆಲಸದವರಿಗಾಗಿ ಶಾಲೆ ಕಟ್ಟಿದವರೇ ಹೆಸರಿನ ವಿಷಯದಲ್ಲಿ ಕೈ ಬಿಗಿಹಿಡಿದರು. ಹೋಲ್ಸ್ಟ್ 1914ರಲ್ಲಿ ಫಿಲಿಪ್ಸ್ ಕಂಪನಿ ಸೇರಿ, ಅದರ ಸಂಶೋಧನಾಲಯದ ಮೊದಲ ನಿರ್ದೇಶಕರಾಗಿ ದೊಡ್ಡ ಹೆಸರು ಗಳಿಸಿದರು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ತವರ, ಸೀಸಗಳೂ ಅತಿವಾಹಕಗಳೆಂದು ಕಂಡಿತು. ಇಂಥ ತಂತಿಯಿಂದ ಮಹಾಶಕ್ತಿಯ ಅಯಸ್ಕಾಂತ ಮಾಡಬಹುದೆಂದು ಓನ್ನೆಸ್ 1913ರಲ್ಲೇ ಕನಸು ಕಂಡರು. ಆದರೆ ಅಯಸ್ಕಾಂತ ಕ್ಷೇತ್ರ ಸ್ವಲ್ಪ ಹೆಚ್ಚಿದರೂ ಸೀಸ ತನ್ನ ಗುಣ ಬಿಟ್ಟುಕೊಡುತ್ತಿತ್ತು. ಆ ಕನಸು ನನಸಾಗಲು ನಿಯೋಬಿಯಂ ಮಿಶ್ರಲೋಹಗಳು ಬರುವವರೆಗೆ ಅರ್ಧ ಶತಮಾನ ಕಾಯಬೇಕಾಯಿತು. 1914ರಲ್ಲಿ ಸೀಸದ ಸುರುಳಿಯಲ್ಲಿ ಬ್ಯಾಟರಿ ತೆಗೆದ ಮೇಲೂ ಗಂಟೆಗಟ್ಟಲೆ ವಿದ್ಯುತ್ ಹರಿಯುವುದನ್ನು ಪಕ್ಕದಲ್ಲಿಟ್ಟ ದಿಕ್ಸೂಚಿಯ ಮುಳ್ಳಿನಿಂದ ತೋರಿಸಿದರು. 1922ರಲ್ಲಿ 0.83 ಕೆಲ್ವಿನ್‌ವರೆಗೂ ಇಳಿದರು. ಹೀಲಿಯಂ ಮಾತ್ರ ಘನವಾಗಲಿಲ್ಲ. 1923ರಲ್ಲಿ ಕೆನಡಾದ ಟೊರಾಂಟೊ ಯಶಸ್ವಿಯಾಗುವವರೆಗೆ ಜಗತ್ತಿನಲ್ಲಿ ದ್ರವ ಹೀಲಿಯಂ ಸಿಗುತ್ತಿದ್ದ ಏಕೈಕ ಸ್ಥಳ ಲೈಡನ್. ಟೊರಾಂಟೊದವರಿಗೆ ಯಂತ್ರದ ವಿವರಗಳನ್ನು ಕೊಟ್ಟವರೂ ಓನ್ನೆಸ್ ಅವರೇ.

1923ರಲ್ಲಿ ನಿವೃತ್ತರಾದ ಅವರು 1926ರ ಫೆಬ್ರವರಿ 21ರಂದು ತೀರಿಕೊಂಡರು. ಅದೇ ವರ್ಷ ಅವರ ಶಿಷ್ಯ ಕೀಸೋಮ್ ಹೀಲಿಯಂ ಅನ್ನು ಘನವಾಗಿಸಿದರು. ಅಂತ್ಯಯಾತ್ರೆಯ ಬಗ್ಗೆ ಲೈಡನ್ನಿನವರು ಹೇಳುತ್ತಿದ್ದ ಕಥೆಯೊಂದಿದೆ. ಶವದ ಗಾಡಿ ಪಕ್ಕದ ಹಳ್ಳಿಯ ಸ್ಮಶಾನಕ್ಕೆ ಹೋಗಬೇಕು. ಹೊರಡಲು ತಡವಾದ್ದರಿಂದ ಕುದುರೆಗಳನ್ನು ಓಡಿಸಿದರು. ಕಪ್ಪು ಕೋಟು, ಎತ್ತರದ ಟೋಪಿ ತೊಟ್ಟು ಹಿಂದೆ ನಡೆಯುತ್ತಿದ್ದ ಫ್ಲಿಮ್ ಮತ್ತು ಕೆಸೆಲ್‌ರಿಂಗ್ ಏದುಸಿರು ಬಿಡುತ್ತಾ ಬಂದರು. ಯಜಮಾನರು ಸತ್ತ ಮೇಲೂ ನಮ್ಮನ್ನು ಓಡಿಸುವುದು ಬಿಡಲಿಲ್ಲವೆಂದು ಫ್ಲಿಮ್ ಗೆಳೆಯನಿಗೆ ಹೇಳಿದರಂತೆ.

ಉಪಕರಣ ತಯಾರಕರ ಆ ಶಾಲೆ ಲೈಡನ್ನಿನಲ್ಲಿ ಇಂದಿಗೂ ನಡೆಯುತ್ತಿದೆ. ಫ್ಲಿಮ್ ಅವರ ವಿಷಯ ಇನ್ನೊಂದು ಹೇಳಿ ಮುಗಿಸುತ್ತೇನೆ. 1932ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ, ಅಂದರೆ ಡ್ಯೂವರ್ ದುಡಿದಿದ್ದ ಸಂಸ್ಥೆಯಲ್ಲೇ, ಅತಿವಾಹಕತೆಯ ಕುರಿತು ಉಪನ್ಯಾಸವಿತ್ತು. ಫ್ಲಿಮ್ ಲೈಡನ್ನಿನಲ್ಲಿ ಸೀಸದ ಉಂಗುರವೊಂದನ್ನು ದ್ರವ ಹೀಲಿಯಂನ ಫ್ಲಾಸ್ಕಿನಲ್ಲಿಟ್ಟು, ಅದರಲ್ಲಿ 200 ಆಂಪಿಯರ್ ವಿದ್ಯುತ್ ಹರಿಯಬಿಟ್ಟು, ವಿಮಾನದಲ್ಲಿ ಜೊತೆಗೆ ತೆಗೆದುಕೊಂಡು ಹೊರಟರು. ಅವರು ಲಂಡನ್ ತಲುಪಿ ಸಭೆಯ ಮುಂದೆ ಫ್ಲಾಸ್ಕ್ ಇಟ್ಟಾಗಲೂ, ಯಾವ ಬ್ಯಾಟರಿಯೂ ಇಲ್ಲದೆ ಉಂಗುರದಲ್ಲಿ ವಿದ್ಯುತ್ ಹರಿಯುತ್ತಲೇ ಇತ್ತು.